ನಾನು, ನಾವು, ಅಪನ್: ಗಡಿನಾಡಿನ ಮಾತಿನಲ್ಲಿ ನಮ್ಮ ಗುರುತು



ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಕನ್ನಡದ ಗುರುಗಳು ‘ನನ್ನ ಪರಿಚಯ’ ಎಂಬ ವಿಷಯ ಕೊಟ್ಟು ಹತ್ತು ಸಾಲು ಬರೆಯಲು ಹೇಳಿದ್ದರು. ನಾನು ಮೊದಲ ಸಾಲನ್ನು ‘ನಾನು ವಿದ್ಯಾರ್ಥಿ ಇದ್ದೇನೆ’ ಎಂದು ಬರೆದೆ. ಎರಡನೆಯದು ‘ನಮಗೆ ಇಬ್ಬರು ತಮ್ಮಂದಿರು ಇದ್ದಾರೆ’ ಎಂದು. ವಹಿ ಮರಳಿ ಬಂದಾಗ ‘ಇದ್ದೇನೆ’ ಎಂಬುದರ ಮೇಲೆ ಕೆಂಪು ಗೆರೆ ಇತ್ತು. ‘ನಮಗೆ’ ಎಂಬುದನ್ನು ಹೊಡೆದು ‘ನನಗೆ’ ಎಂದು ತಿದ್ದಿದ್ದರು. ‘ಇದು ಮರಾಠಿ ಕನ್ನಡ’ ಎಂದು ಗುರುಗಳು ಹೇಳಿದಾಗ ವರ್ಗವೆಲ್ಲ ನಕ್ಕಿತು.

ಸಂಜೆ ಮನೆಯಲ್ಲಿ ದಾದಿಮಾ ಅವರಿಗೆ ಈ ದುಃಖ ಹೇಳಿಕೊಂಡೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಎರಡನೆಯ ಸಾಲಿನ ತಿದ್ದುಪಡಿ ಕೇಳಿ ಅವರಿಗೆ ಆಶ್ಚರ್ಯವಾಯಿತು. ‘ವೋ ಕ್ಯಾ ತೇರೆ ಅಕೇಲೆ ಕೆ ಹೈ ಕ್ಯಾ? ಅಪನ್ ಸಬ್ ಕೆ ಹೈ ಬಾ’ ಎಂದರು. ‘ಅವರೇನು ನಿನ್ನೊಬ್ಬನ ತಮ್ಮಂದಿರೇ? ನಮ್ಮೆಲ್ಲರವರು’ ಎಂದು ಅದರ ಅರ್ಥ.

ಗುರುಗಳು ವ್ಯಾಕರಣ ಹೇಳಿದ್ದರು, ದಾದಿಮಾ ಬದುಕಿನ ರೀತಿ ಹೇಳಿದ್ದರು. ಇಬ್ಬರಲ್ಲಿ ಯಾರು ಸರಿ? ಈ ಪ್ರಶ್ನೆ ಅನೇಕ ವರ್ಷ ನನ್ನ ಜೊತೆಗೇ ಬಂದಿದೆ. ಮನುಷ್ಯ ತನ್ನ ಬಗ್ಗೆ ದಿನನಿತ್ಯ ಆಡುವ ಮಾತು ಅವನೊಬ್ಬನ ಮಾತಲ್ಲ. ಅದರ ಹಿಂದೆ ಅವನ ಮನೆತನ, ನೆರೆಹೊರೆ, ಧರ್ಮ, ಸರಕಾರ, ಸಂತೆ ಎಲ್ಲವೂ ನಿಂತಿರುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ನಮ್ಮಂಥವರಿಗೆ ಇದು ಇನ್ನೂ ಹೆಚ್ಚು ಸತ್ಯ.

ಮೂರು ಭಾಷೆಗಳ ಮನೆ

ನಮ್ಮ ಭಾಗದ ಒಬ್ಬ ಸಾಮಾನ್ಯ ಮುಸ್ಲಿಂ ಹುಡುಗನ ಒಂದು ದಿನವನ್ನು ನೆನೆಸಿಕೊಳ್ಳಿರಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ನಿಪ್ಪಾಣಿಯ ಪೇಟೆಯಲ್ಲಿ ಅಥವಾ ಮಿರಜದ ದವಾಖಾನೆಯಲ್ಲಿ ಮರಾಠಿ, ಮದರಸಾದಲ್ಲಿ ಉರ್ದು ಮತ್ತು ಅರಬ್ಬಿ ಅಕ್ಷರ. ಜೈನ ಮತ್ತು ಲಿಂಗಾಯತ ಒಕ್ಕಲಿಗರ ಮನೆಗಳಲ್ಲಿಯೂ ಮನೆಮಾತು ಕನ್ನಡವಾಗಿದ್ದು ವ್ಯವಹಾರದ ಮಾತು ಮರಾಠಿಯಾಗಿರುವುದು ಹೊಸದಲ್ಲ.

ಇದು ಒಂದು ದಿನದಲ್ಲಿ ಆದದ್ದಲ್ಲ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ, ಅದರ ನಂತರ 1686ರವರೆಗೆ ನಡೆದ ವಿಜಾಪುರದ ಆದಿಲಶಾಹಿ ಈ ಸೀಮೆಗೆ ಪರ್ಷಿಯನ್ ಮತ್ತು ದಖನಿಯನ್ನು ತಂದವು. ಆಮೇಲೆ ಮರಾಠರ ಆಡಳಿತ ಬಂದು ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿ ನಡೆದವು. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಸಂಸ್ಥಾನಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಾಂತದ ಕನ್ನಡದ ಮಕ್ಕಳೂ ಮರಾಠಿ ಶಾಲೆಯಲ್ಲಿ ಕಲಿಯಬೇಕಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಪಟ್ಟು ಕನ್ನಡ ಶಾಲೆಗಳಿಗೆ ದಾರಿ ಮಾಡಿದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಊರುಗಳು ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ನಕಾಶೆಯ ಮೇಲೆ ಗೆರೆ ಎಳೆಯಲಾಯಿತು. ಆದರೆ ಬೀಗತನ, ಸಂತೆ, ಉರುಸು, ಜಾತ್ರೆ ಗೆರೆ ದಾಟುತ್ತಲೇ ಇದ್ದವು.

ಕುಪವಾಡದ ಪಾಠ

ಕಾಗವಾಡದಿಂದ ಹೊರಟು ಮಿರಜ ದಾಟಿದರೆ ಕುಪವಾಡ ಎಂಬ ಊರು ಸಿಗುತ್ತದೆ. 1998ರಿಂದ ಅದು ಸಾಂಗಲಿ, ಮಿರಜಗಳ ಜೊತೆ ಒಂದೇ ಮಹಾನಗರಪಾಲಿಕೆಯಲ್ಲಿದೆ. ಅದು ಸುಮಾರು 3,000 ಜನರ ಹಳ್ಳಿಯಾಗಿದ್ದಾಗ ಅಮೆರಿಕದ ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅದರ ಮಾತನ್ನು ಅಭ್ಯಾಸ ಮಾಡಿದರು. 1971ರಲ್ಲಿ ಪ್ರಕಟವಾದ ಅವರ ಲೇಖನದಿಂದ ಈ ಹಳ್ಳಿಯ ಹೆಸರು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಿಗೆ ತಲುಪಿದೆ. ದುರ್ದೈವದಿಂದ ಇಷ್ಟು ಸಮೀಪದ ನಮ್ಮ ಮಕ್ಕಳಿಗೆ ಮಾತ್ರ ಅದು ತಿಳಿದಿಲ್ಲ.

ಆ ಊರಿನಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ದಲಿತರು ಮರಾಠಿ, ಹಗ್ಗ ಹೊಸೆಯುವವರು ತೆಲುಗು ಆಡುತ್ತಿದ್ದರು. ಸಾಮಾನ್ಯವಾಗಿ ಗಂಡಸರಿಗೆಲ್ಲ ಎರಡು ಮೂರು ಭಾಷೆ ಬರುತ್ತಿದ್ದವು. ಸಂಶೋಧಕರು ಕಂಡದ್ದೇನೆಂದರೆ, ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ಒಂದರ ಶಬ್ದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಶಬ್ದ ಇಟ್ಟರೆ ಸಾಕು, ವಾಕ್ಯ ಸಿದ್ಧ. ಆದರೆ ಶಬ್ದಗಳನ್ನು ಮಾತ್ರ ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಏಕೆ ಹೀಗೆ? ಹೊಲದಲ್ಲಿ, ಚಾವಡಿಯಲ್ಲಿ ಎಲ್ಲರೂ ಕೂಡಿ ದುಡಿಯಬೇಕು, ಆದ್ದರಿಂದ ವ್ಯಾಕರಣ ಹತ್ತಿರ ಬಂತು. ಆದರೆ ಅಡಿಗೆಮನೆ, ಪೂಜೆ, ನಮಾಜು, ಮದುವೆ ಬೇರೆಬೇರೆ. ‘ನಾವು ಯಾರು’ ಎಂಬುದನ್ನು ಮನೆಯ ಶಬ್ದಗಳು ಕಾಯ್ದುಕೊಂಡವು. ಒಂದೇ ನಾಲಿಗೆಯಲ್ಲಿ ಕೂಡಿ ಬಾಳುವ ಆಸೆಯೂ ತನ್ನತನ ಉಳಿಸಿಕೊಳ್ಳುವ ಆಸೆಯೂ ಇದ್ದವು.

ಈಗ ನನ್ನ ವಹಿಯ ಕೆಂಪು ಗೆರೆಗೆ ಬರೋಣ. ಪುಸ್ತಕದ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು. ಗಡಿಭಾಗದ ಕನ್ನಡದಲ್ಲಿ ‘ಇದು ನಿಮ್ಮ ಮನಿ ಐತಿ’ ಎನ್ನುತ್ತೇವೆ. ಮರಾಠಿಯಲ್ಲಿ ಕೊನೆಗೆ ‘ಆಹೇ’ ಬೇಕು, ಉರ್ದುವಿನಲ್ಲಿ ‘ಹೈ’ ಬೇಕು. ಹಾಗೆಯೇ ‘ನಾನು ಶಿಕ್ಷಕ’ ಎಂಬುದು ನಮ್ಮಲ್ಲಿ ‘ನಾ ಮಾಸ್ತರ ಅದೀನಿ’ ಆಗುತ್ತದೆ. ‘ಮೀ ಮಾಸ್ತರ ಆಹೇ’, ‘ಮೈ ಮಾಸ್ತರ ಹೂಂ’, ‘ನಾ ಮಾಸ್ತರ ಅದೀನಿ’ ಈ ಮೂರನ್ನೂ ಒಂದರ ಕೆಳಗೊಂದು ಬರೆದು ನೋಡಿರಿ. ಕುಪವಾಡದ ಕನ್ನಡದಲ್ಲಿ ಸಂಶೋಧಕರು ಗುರುತಿಸಿದ ಲಕ್ಷಣಗಳಲ್ಲಿ ಇದೂ ಒಂದು. ಐದನೆಯ ಇಯತ್ತೆಯ ಹುಡುಗ ತಪ್ಪು ಬರೆದಿರಲಿಲ್ಲ. ತನಗೆ ತಿಳಿಯದೆಯೇ ತನ್ನ ಊರಿನ ಇತಿಹಾಸ ಬರೆದಿದ್ದ.

ನಾವು ಎಂದರೆ ಯಾರು?

‘ನಾವು ನಾಳೆ ಅಥಣಿಗೆ ಹೋಗುತ್ತೇವೆ’ ಎಂದು ಯಾರಾದರೂ ನಿಮಗೆ ಹೇಳಿದರೆ ಅದರಲ್ಲಿ ನೀವು ಇದ್ದೀರೋ ಇಲ್ಲವೋ? ಪುಸ್ತಕದ ಕನ್ನಡದ ‘ನಾವು’ ಇದನ್ನು ಬಿಡಿಸಿ ಹೇಳುವುದಿಲ್ಲ. ‘ಹೋಗೋಣ’ ಎಂದರೆ ಮಾತ್ರ ಕೇಳುವವನೂ ಅದರಲ್ಲಿ ಸೇರುತ್ತಾನೆ. ಮರಾಠಿಗೆ ಇಲ್ಲಿ ಎರಡು ಶಬ್ದಗಳಿವೆ. ‘ಆಮ್ಹಿ’ ಎಂದರೆ ನಿಮ್ಮನ್ನು ಬಿಟ್ಟು ನಾವು, ‘ಆಪಣ’ ಎಂದರೆ ನಿಮ್ಮನ್ನೂ ಕೂಡಿಸಿ ನಾವು. ದಿಲ್ಲಿ, ಲಖನೌದ ಉರ್ದುವಿನಲ್ಲಿ ಎರಡಕ್ಕೂ ‘ಹಮ್’ ಒಂದೇ. ಆದರೆ ಕುಪವಾಡದ ಉರ್ದುವಿನಲ್ಲಿ ‘ಹಮ್’ ಬೇರೆ, ‘ಅಪನ್’ ಬೇರೆ ಆಗಿದ್ದವು. ನಮ್ಮ ಮನೆಗಳ ದಖನಿಯಲ್ಲಿಯೂ ಈ ಭೇದ ಜೀವಂತವಾಗಿದೆ. ‘ಹಮ್ ಜಾತೈ’ ಎಂದರೆ ನೀನು ಮನೆಯಲ್ಲಿರು, ‘ಅಪನ್ ಜಾಯೆಂಗೆ’ ಎಂದರೆ ನೀನೂ ಚಪ್ಪಲಿ ಹಾಕಿಕೋ!

ಉತ್ತರದಿಂದ ಬಂದ ಭಾಷೆಯೊಂದು ಈ ಮಣ್ಣಿನಲ್ಲಿ ನೆರೆಯವರೊಡನೆ ಬಾಳುತ್ತ ಕೇಳುವವನನ್ನು ತನ್ನ ‘ನಾವು’ ಒಳಗೆ ಕರೆದುಕೊಳ್ಳುವುದನ್ನು ಕಲಿಯಿತು. ದಾದಿಮಾ ‘ಅಪನ್ ಸಬ್’ ಎಂದದ್ದರ ಹಿಂದೆ ಇಷ್ಟು ಉದ್ದದ ಚರಿತ್ರೆ ಇದೆ.

ಇನ್ನೊಂದು ಸ್ವಾರಸ್ಯ ನೋಡಿರಿ. ಉರ್ದುವಿನ ‘ಆಪ್’, ‘ಅಪನಾ’, ಮರಾಠಿಯ ‘ಆಪಣ’ ಇವೆಲ್ಲ ಸಂಸ್ಕೃತದ ‘ಆತ್ಮನ್’ ಶಬ್ದದಿಂದ ಪ್ರಾಕೃತದ ಮೂಲಕ ಬಂದವು. ಅಂದರೆ ‘ತಾನು’ ಎಂಬ ಅರ್ಥದ ಶಬ್ದವೇ ಎದುರಿಗಿರುವ ಹಿರಿಯರನ್ನು ಗೌರವದಿಂದ ಕರೆಯುವ ಶಬ್ದವಾಯಿತು. ಕನ್ನಡದಲ್ಲಿಯೂ ಇದೇ ಆಗಿದೆ. ‘ತಾನು’ ಎಂಬುದರ ಬಹುವಚನ ‘ತಾವು’. ‘ತಾವು ಯಾವಾಗ ಬಂದಿರಿ?’ ಎಂದು ನಾವು ಹಿರಿಯರನ್ನು ಕೇಳುತ್ತೇವೆ. ಎರಡು ಬೇರೆ ಕುಲದ ಭಾಷೆಗಳು ‘ತಾನು’ ಎಂಬುದನ್ನೇ ಗೌರವದ ‘ನೀವು’ ಮಾಡಿಕೊಂಡಿವೆ.

ಬಂದ ಹಸಿವು, ಹೋಗಿ ಬರುವ ಮಾತು

ಹಸಿವಾದಾಗ ನಾವು ‘ನಾನು ಹಸಿದಿದ್ದೇನೆ’ ಎನ್ನುವುದು ಕಡಿಮೆ. ‘ನನಗ ಹಸಿವಿ ಆಗೇತಿ’ ಎನ್ನುತ್ತೇವೆ. ಮರಾಠಿಯಲ್ಲಿ ‘ಮಲಾ ಭೂಕ ಲಾಗಲಿ’, ದಖನಿಯಲ್ಲಿ ‘ಮುಝೆ ಭೂಕ್ ಲಗಿ’. ಸಿಟ್ಟು ನನಗೆ ಬರುತ್ತದೆ, ನೆನಪು ನನಗೆ ಆಗುತ್ತದೆ, ನಿದ್ದೆ ನನಗೆ ಹತ್ತುತ್ತದೆ, ವಿಷಯ ನನಗೆ ಗೊತ್ತಾಗುತ್ತದೆ. ಈ ಎಲ್ಲ ವಾಕ್ಯಗಳಲ್ಲಿ ನಾನು ಮಾಡುವವನಲ್ಲ, ಪಡೆಯುವವನು. 1956ರಲ್ಲಿ ಎಮನೋ ಎಂಬ ವಿದ್ವಾಂಸರು ಭಾರತವೇ ಒಂದು ಭಾಷಾಪ್ರದೇಶವೆಂದು ತೋರಿಸಿದ್ದರು. ಕುಲ ಬೇರೆಯಾದರೂ ಒಂದೇ ನೆಲದ ಭಾಷೆಗಳು ಇಂಥ ರೂಢಿಗಳಲ್ಲಿ ಕೂಡುತ್ತವೆ.

ಮನೆ ಬಿಟ್ಟು ಹೊರಡುವಾಗ ‘ಹೋಗುತ್ತೇನೆ’ ಎಂದು ನೋಡಿರಿ, ಮನೆಯ ಹಿರಿಯರು ಗದರಿಸುತ್ತಾರೆ. ‘ಬರ್ತೀನ್ರಿ’ ಎನ್ನಬೇಕು. ಮರಾಠಿಯವರು ಹೊರಡುವಾಗ ‘ಯೇತೋ’ ಎನ್ನುತ್ತಾರೆ, ಎಂದರೆ ಬರುತ್ತೇನೆ. ದಖನಿಯಲ್ಲಿ ‘ಜಾಕೆ ಆತೂಂ’. ಹೊರಡುವವನು ತನ್ನ ಹೋಗುವಿಕೆಯ ಬಗ್ಗೆ ಹೇಳದೆ ಕಾಯುವವರ ಬಗ್ಗೆ ಹೇಳುತ್ತಾನೆ. ನಾಳಿನ ಮಾತಿಗೆ ನಾವು ‘ಇನ್‌ಶಾ ಅಲ್ಲಾಹ್’ ಸೇರಿಸುತ್ತೇವೆ. ಹೇಗಿದ್ದೀರಿ ಎಂದರೆ ‘ಅಲ್‌ಹಮ್ದುಲಿಲ್ಲಾಹ್, ಆಪ್ ಕಿ ದುವಾ ಸೆ’ ಎನ್ನುತ್ತೇವೆ. ನೆರೆಯ ಲಿಂಗಾಯತರು ‘ನಿಮ್ಮ ಆಶೀರ್ವಾದ’ ಎನ್ನುತ್ತಾರೆ. ಶಬ್ದ ಬೇರೆ, ಆದರೆ ‘ನನ್ನ ಬದುಕು ನನ್ನೊಬ್ಬನ ಸಾಧನೆಯಲ್ಲ’ ಎಂಬ ಅರ್ಥ ಒಂದೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಂಗ್ಲಿಷರು ‘ಐ’ ಎಂಬುದನ್ನು ಯಾವಾಗಲೂ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಆದ್ದರಿಂದ ಅವರಿಗೆ ಅಹಂಕಾರ ಹೆಚ್ಚು ಎಂದು ಕೆಲವರು ಭಾಷಣ ಮಾಡುತ್ತಾರೆ. ಅದು ಸರಿಯಲ್ಲ. ಒಂಟಿ ಸಣ್ಣ ಅಕ್ಷರ ಕೈಬರಹದಲ್ಲಿ ಕಾಣದೇ ಹೋಗಬಾರದೆಂದು ಬೆಳೆದ ಪದ್ಧತಿ ಅದು. ‘ನನಗ ಹಸಿವಿ ಆಗೇತಿ’ ಎನ್ನುವವರೆಲ್ಲ ವಿನಯವಂತರೂ ಅಲ್ಲ. ಭಾಷೆ ಮನಸ್ಸಿಗೆ ಬೇಡಿ ಹಾಕುವುದಿಲ್ಲ. ಅದು ಒಂದು ದಾರಿಯನ್ನು ಸವೆಸಿ ಇಟ್ಟಿರುತ್ತದೆ, ನಡೆಯುವವನು ಅದೇ ದಾರಿಯಲ್ಲಿ ಸುಲಭವಾಗಿ ನಡೆಯುತ್ತಾನೆ, ಅಷ್ಟೇ.

‘ನಾನು’ ಎಂಬುದನ್ನು ಪ್ರಶ್ನಿಸಿದವರು

ಈ ದಾರಿಯನ್ನು ಸವೆಸಿದವರು ಯಾರು? ಕನಕದಾಸರ ಬಗ್ಗೆ ಜನ ಹೇಳುವ ಕಥೆ ನಿಮಗೆಲ್ಲ ಗೊತ್ತಿದೆ. ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂದು ವ್ಯಾಸರಾಯರು ಕೇಳಿದಾಗ ‘ನಾನು ಹೋದರೆ ಹೋದೇನು’ ಎಂದು ಕನಕದಾಸರು ಹೇಳಿದರಂತೆ. ಕೇಳಿದವರು ಸೊಕ್ಕು ಎಂದುಕೊಂಡರು. ‘ನಾನು’ ಎಂಬುದು ಹೋದರೆ ಮಾತ್ರ ಹೋದೇನು ಎಂದು ಅದರ ಒಳ ಅರ್ಥ. ಕನ್ನಡದ ವ್ಯಾಕರಣವೇ ಈ ಎರಡು ಅರ್ಥಗಳಿಗೆ ಅವಕಾಶ ಕೊಟ್ಟಿದೆ.

ಉರ್ದು ಗಜಲ್‌ನ ಕೊನೆಯಲ್ಲಿ ಕವಿಯ ತಖಲ್ಲುಸ್, ಎಂದರೆ ಕಾವ್ಯನಾಮ ಬರುತ್ತದೆ. ಅದು ಕವಿ ತನಗೆ ತಾನೇ ಇಟ್ಟುಕೊಂಡ ಹೆಸರು. ಶರಣರ ವಚನದ ಕೊನೆಯಲ್ಲಿ ಬರುವ ಅಂಕಿತ ಕವಿಯದಲ್ಲ, ದೇವರದು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಸಂತ ಶಿಶುನಾಳ ಶರೀಫರು (1819–1889) ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕೆಲಕಾಲ ಶಾಲೆಯ ಶಿಕ್ಷಕರಾಗಿದ್ದು, ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದರು. ಅವರು ತಮ್ಮ ಪದಗಳಲ್ಲಿ ಹಾಕಿದ್ದು ಶಿಶುನಾಳಧೀಶ ಎಂಬ ಅಂಕಿತ. ತಮ್ಮ ಊರು, ಆ ಊರಿನ ದೇವರು, ಇವೆರಡರಲ್ಲಿ ತಮ್ಮ ಹೆಸರನ್ನು ಅಡಗಿಸಿದರು. ಮೊಹರಮ್‌ನಲ್ಲಿ ಹಾಡುವ ರಿವಾಯತ್ ಪದಗಳನ್ನು ಉತ್ತರ ಕರ್ನಾಟಕದಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಹಾಡುತ್ತ ಬಂದಿದ್ದಾರೆ.

ವಿಜಾಪುರದ ಸೂಫಿಗಳ ಪರಂಪರೆಯಲ್ಲಿ ದಖನಿಯಲ್ಲಿ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳು ಹುಟ್ಟಿದವು. ಬೀಸುವ ಕಲ್ಲಿನ ಹಿಡಿಕೆಯನ್ನೇ ದೇವರ ನೆನಪಿನ ಗುರುತಾಗಿ ಮಾಡಿ, ಹಿಟ್ಟು ಬೀಸುವ ಹೆಣ್ಣುಮಕ್ಕಳ ಬಾಯಿಗೆ ಅಧ್ಯಾತ್ಮವನ್ನು ತಲುಪಿಸಿದ ಹಾಡುಗಳಿವು. ರಿಚರ್ಡ್ ಈಟನ್ ಅವರು ವಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇವುಗಳ ಮಹತ್ವವನ್ನು ವಿವರಿಸಿದ್ದಾರೆ. ಪಂಡಿತರ ಗ್ರಂಥಗಳಿಗಿಂತ ಈ ಹಾಡುಗಳೇ ನಮ್ಮ ಅಜ್ಜಿಯರ ನಾಲಿಗೆಗೆ ಹತ್ತಿರವಾಗಿದ್ದವು.

ಜೈನ ನೆರೆಹೊರೆಯ ಕೊಡುಗೆಯನ್ನೂ ಮರೆಯಬಾರದು. ಚಿಕ್ಕೋಡಿ ಭಾಗದ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಯೋಗೀಂದು ಮುನಿಯ ‘ಪರಮಾತ್ಮಪ್ರಕಾಶ’ವನ್ನು ಅವರು 1937ರಲ್ಲಿ ಸಂಪಾದಿಸಿದರು. ದೇಹವನ್ನೇ ತಾನೆಂದು ತಿಳಿದ ಜೀವದಿಂದ ಆರಂಭಿಸಿ ಪರಮಾತ್ಮನವರೆಗೆ ‘ತಾನು’ ಎಂಬುದರ ಮೂರು ನೆಲೆಗಳನ್ನು ವಿವರಿಸುವ ಅಪಭ್ರಂಶ ಗ್ರಂಥವದು. ಮುಂದೆ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉಪಾಧ್ಯೆಯವರು ಅಧ್ಯಕ್ಷರಾದರು. ನಮ್ಮದೇ ಸೀಮೆಯವರೊಬ್ಬರು ಕನ್ನಡ, ಮರಾಠಿ, ಪ್ರಾಕೃತಗಳ ನಡುವೆ ನಿಂತು ಇಷ್ಟು ದೊಡ್ಡ ಕೆಲಸ ಮಾಡಿದ್ದಾರೆಂಬುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತಿರಬೇಕು.

ಕಚೇರಿಯ ‘ನಾನು’

ಮನೆಯಲ್ಲಿ, ಮಠದಲ್ಲಿ, ದರ್ಗಾದಲ್ಲಿ ‘ನಾನು’ ಹೀಗಿದ್ದರೆ ಕಚೇರಿಯಲ್ಲಿ ಅದು ಬೇರೆಯೇ ರೂಪ ತಾಳಿತು. ‘ಖುದ್ದಾಗಿ ಹಾಜರಾಗಬೇಕು’ ಎಂದು ಕನ್ನಡದ ನೋಟಿಸಿನಲ್ಲಿ ಬರೆದಿರುತ್ತದೆ. ಈ ‘ಖುದ್ದು’ ಪರ್ಷಿಯನ್ನಿನ ‘ಖುದ್’, ಎಂದರೆ ಸ್ವತಃ. ಕಾಗದದ ಮೇಲೆ ನಮ್ಮನ್ನು ನಾವು ಖಾತ್ರಿಪಡಿಸುವ ‘ಸಹಿ’ ಅರಬ್ಬಿಯ ‘ಸಹೀಹ್’ ಶಬ್ದದಿಂದ ಬಂದದ್ದು, ಸರಿ ಎಂಬ ಅರ್ಥದ್ದು. ‘ಹಕ್ಕು’ ಅರಬ್ಬಿಯ ‘ಹಕ್’. ‘ಜವಾಬ್ದಾರಿ’ಯಲ್ಲಿ ‘ಜವಾಬು’ ಇದೆ. ಉತ್ತರ ಕೊಡಬೇಕಾದವನೇ ಜವಾಬ್ದಾರ. ‘ಖಾಸಗಿ’, ‘ಅರ್ಜಿ’, ‘ಜಾಮೀನು’, ‘ಫಿರ್ಯಾದಿ’ ಇವೆಲ್ಲ ಇದೇ ಸಾಲಿನವು. ಕನ್ನಡದ ಒಬ್ಬ ರೈತ, ಯಾವ ಜಾತಿ ಧರ್ಮದವನಿರಲಿ, ಸರಕಾರದ ಮುಂದೆ ‘ನಾನಿದ್ದೇನೆ, ಇದು ನನ್ನದು, ಇದಕ್ಕೆ ನಾನು ಹೊಣೆ’ ಎಂದು ಹೇಳಬೇಕಾದರೆ ಅರಬ್ಬಿ, ಪರ್ಷಿಯನ್ ಮೂಲದ ಶಬ್ದಗಳಿಲ್ಲದೆ ನಡೆಯುವುದಿಲ್ಲ. ಯಾರಾದರೂ ನಮ್ಮನ್ನು ‘ನಿಮ್ಮ ಭಾಷೆ ಹೊರಗಿನದು’ ಎಂದರೆ ಸಿಟ್ಟಾಗಬೇಡಿರಿ. ಅವರ ಏಳು ಬಾರಾ ಉತಾರವನ್ನು ತೋರಿಸಿ ಶಬ್ದ ಎಣಿಸಲು ಹೇಳಿರಿ.

ವಿನಯ ಬೇರೆ, ದೈನ್ಯ ಬೇರೆ

ಇಲ್ಲಿಯವರೆಗೆ ‘ನಾವು’ ಎನ್ನುವುದರ, ತನ್ನನ್ನು ಹಿಂದಿಟ್ಟುಕೊಳ್ಳುವುದರ ಸೊಗಸನ್ನು ಹೇಳಿದೆ. ಆದರೆ ಇತಿಹಾಸವನ್ನು ಒಂದೇ ಕಣ್ಣಿನಿಂದ ನೋಡಬಾರದು. ‘ಖಾಕಸಾರ’, ‘ನಾಚೀಜ್’ ಎಂದು ತನ್ನನ್ನು ಕರೆದುಕೊಳ್ಳುವ ಮೌಲ್ವಿ ಸಾಹೇಬರದು ವಿನಯ, ಅದನ್ನು ಅವರೇ ಆರಿಸಿಕೊಂಡಿದ್ದಾರೆ. ಆದರೆ ಊರಗೌಡರ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ‘ಜೋಹಾರ್ ಮಾಯಬಾಪ’ ಎನ್ನಬೇಕಾಗಿದ್ದ ದಲಿತನದು ವಿನಯವಲ್ಲ, ಹೇರಿದ ದೈನ್ಯ. ಅವನಿಗೆ ‘ನಾನು’ ಎನ್ನುವ ಅಧಿಕಾರವೇ ಇರಲಿಲ್ಲ. 1925ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ನಿಪ್ಪಾಣಿಗೆ ಬಂದು ಪರಿಷತ್ತಿನಲ್ಲಿ ಮಾತನಾಡಿದರು. ಮುಂದೆ ‘ಜೋಹಾರ್’ ಹೋಗಿ ‘ಜೈ ಭೀಮ್’ ಬಂತು. ಒಂದು ನಮಸ್ಕಾರದ ಶಬ್ದ ಬದಲಾದದ್ದು ಚಿಕ್ಕ ಸಂಗತಿಯಲ್ಲ. ತಲೆ ಬಾಗಿಸಿ ಹೇಳುತ್ತಿದ್ದ ಶಬ್ದ ಹೋಗಿ ತಲೆ ಎತ್ತಿ ಹೇಳುವ ಶಬ್ದ ಬಂತು.

ಇದಕ್ಕೆ ಮೊದಲೇ ಕೊಲ್ಲಾಪುರದ ರಾಜರ್ಷಿ ಶಾಹು ಮಹಾರಾಜರು ಶಿಕ್ಷಣವೇ ಸ್ವಾಭಿಮಾನದ ದಾರಿ ಎಂದು ಅರಿತಿದ್ದರು. 1902ರಲ್ಲಿ ಹಿಂದುಳಿದವರಿಗೆ ನೌಕರಿಗಳಲ್ಲಿ ಶೇಕಡಾ 50 ಮೀಸಲಾತಿ ಕೊಟ್ಟರು. 1906ರಲ್ಲಿ ಕೊಲ್ಲಾಪುರದಲ್ಲಿ ಮುಸ್ಲಿಂ ಬೋರ್ಡಿಂಗ್ ಆರಂಭಿಸಿದರು. ಆಗ ರಾಯಬಾಗ ಅವರದೇ ಸಂಸ್ಥಾನದಲ್ಲಿತ್ತು ಎಂಬುದನ್ನು ನೆನಪಿಡಿರಿ.

ಇದೇ ಕಾಲದಲ್ಲಿ, 1915ರಲ್ಲಿ, ಕವಿ ಇಕ್ಬಾಲರು ಪರ್ಷಿಯನ್ನಿನಲ್ಲಿ ‘ಅಸ್ರಾರ್-ಎ-ಖುದಿ’ ಪ್ರಕಟಿಸಿದರು. ಅಲ್ಲಿಯವರೆಗೆ ‘ಖುದಿ’ ಎಂದರೆ ಸಾಮಾನ್ಯವಾಗಿ ಅಹಂಕಾರ, ಬಿಡಬೇಕಾದದ್ದು. ಇಕ್ಬಾಲರು ಅದಕ್ಕೆ ಆತ್ಮಶಕ್ತಿ, ಬೆಳೆಸಬೇಕಾದದ್ದು ಎಂಬ ಅರ್ಥ ಕೊಟ್ಟರು. ಅನೇಕ ಸೂಫಿ ಅಭಿಮಾನಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಸೋತು ಕುಳಿತ ಸಮಾಜಕ್ಕೆ ‘ನಾನು ಏನೂ ಅಲ್ಲ’ ಎಂಬ ಮಾತು ಔಷಧವೋ ರೋಗವೋ ಎಂಬ ಅವರ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ನಮ್ಮ ಹೆಣ್ಣುಮಕ್ಕಳ ಮಾತನ್ನು ಕೇಳಿರಿ. ಗಂಡನ ಹೆಸರು ಹೇಳುವುದಿಲ್ಲ, ‘ನಮ್ಮ ಮನಿಯವರು’ ಅಥವಾ ‘ಇವರ ಅಬ್ಬಾ’. ಅದರಲ್ಲಿ ಪ್ರೀತಿಯೂ ಇದೆ, ಒಪ್ಪೋಣ. ಆದರೆ ‘ನಿಮ್ಮ ಹೆಸರೇನು?’ ಎಂದು ಕೇಳಿದಾಗಲೂ ಮಗನ ಹೆಸರು ಹೇಳಿ ‘ಅವನ ಅಮ್ಮಾ’ ಎನ್ನುವ ತಾಯಂದಿರನ್ನು ಪಾಲಕರ ಸಭೆಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಹೆಸರಿಲ್ಲವೇ? ಇದೆ. ಹೇಳುವ ರೂಢಿ ಇಲ್ಲ.

ಇಂದಿನ ಪ್ರಶ್ನೆ

ಮುಂದೆ ನಾನೂ ಶಿಕ್ಷಕನಾದೆ. ಒಂದು ತಪ್ಪೊಪ್ಪಿಗೆ ಹೇಳಬೇಕಾಗಿದೆ. ನನ್ನ ವರ್ಗದಲ್ಲಿ ಬೀಡಿ ಕಟ್ಟುವ ತಾಯಿಯ ಮಗಳೊಬ್ಬಳಿದ್ದಳು. ಬಹಳ ಜಾಣೆ. ಅವಳು ಒಂದು ದಿನ ‘ನಾನು ದೊಡ್ಡವಳಾಗಿ ಡಾಕ್ಟರ ಆಗಬೇಕು ಅಂತ ಹೇಳಿ ನಮ್ಮ ಮನಸ್ಸು ಐತಿ’ ಎಂದು ಬರೆದಿದ್ದಳು. ನಾನು ಆ ಸಾಲಿಗೆ ಉದ್ದಕ್ಕೂ ಕೆಂಪು ಗೆರೆ ಎಳೆದು ವರ್ಗದ ಮುಂದೆ ಓದಿ ತೋರಿಸಿದೆ. ಮಕ್ಕಳು ನಕ್ಕರು, ಹಿಂದೆ ನನ್ನನ್ನು ನೋಡಿ ನಕ್ಕಂತೆಯೇ. ಆ ವರ್ಷ ಅವಳು ಮತ್ತೆ ತನ್ನ ಬಗ್ಗೆ ಒಂದು ಸಾಲನ್ನೂ ಸ್ವಂತವಾಗಿ ಬರೆಯಲಿಲ್ಲ. ಗೈಡಿನಿಂದ ನಕಲು ಮಾಡಿ ಶುದ್ಧ ಕನ್ನಡದಲ್ಲಿ ತಂದುಕೊಡುತ್ತಿದ್ದಳು. ನಾನು ಅದಕ್ಕೆ ‘ಉತ್ತಮ’ ಎಂದು ಬರೆಯುತ್ತಿದ್ದೆ. ಅವಳ ಮುಂದಿನ ಶಿಕ್ಷಣ ಏನಾಯಿತೋ ನನಗೆ ತಿಳಿಯಲಿಲ್ಲ. ದಾದಿಮಾ ಹೇಳಿದ ಮಾತು ಆಗ ನನಗೆ ನೆನಪಾಗಲಿಲ್ಲವಲ್ಲ ಎಂಬ ಕೊರಗು ಇನ್ನೂ ಹೋಗಿಲ್ಲ. ‘ನಮ್ಮ ಮನಸ್ಸು’ ಎಂದು ಅವಳು ಬರೆದದ್ದರಲ್ಲಿ ಅವಳ ತಾಯಿಯ ಮನಸ್ಸೂ ಇತ್ತು.

ಇದು ಒಂದು ವರ್ಗದ ಕಥೆಯಷ್ಟೇ ಅಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅವರು ಕುಪವಾಡಕ್ಕೆ ಮತ್ತೆ ಹೋಗಿ ಮಾತನ್ನು ಅಭ್ಯಾಸ ಮಾಡಿ 2016ರಲ್ಲಿ ಲೇಖನ ಪ್ರಕಟಿಸಿದರು. ರಾಜ್ಯಗಳ ವಿಂಗಡಣೆಯ ನಂತರ ಶಾಲೆ, ಆಡಳಿತಗಳ ಮೂಲಕ ಅಲ್ಲಿ ಮರಾಠಿಯ ಪ್ರಭಾವ ಹೆಚ್ಚಿ, ಹಿಂದಿನ ಸಮತೋಲ ಉಳಿದಿಲ್ಲವೆಂಬುದು ಅದರಿಂದ ತಿಳಿಯುತ್ತದೆ. ಗೆರೆಯ ಆಚೆ ಮರಾಠಿ, ಈಚೆ ಕನ್ನಡ, ಎರಡೂ ಕಡೆ ಮೇಲೆ ಇಂಗ್ಲಿಷ್. ನಡುವೆ ಮನೆಮಾತುಗಳು ನಾಚಿಕೊಂಡು ಅಡಿಗೆಮನೆ ಸೇರುತ್ತಿವೆ.

ಹಾಗಾದರೆ ಶುದ್ಧ ಕನ್ನಡ ಕಲಿಯುವುದು ಬೇಡವೇ? ಖಂಡಿತ ಬೇಕು. ಪರೀಕ್ಷೆಗೆ ಬೇಕು, ನೌಕರಿಗೆ ಬೇಕು. ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿರಿ’ ಎಂದಾಗ ನಮ್ಮ ಹುಡುಗರು ತಂದೆಯ ಹೆಸರು, ಊರಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ತನ್ನ ಗುಣ ತಾನೇ ಹೇಳುವುದು ಬೇಅದಬಿ ಎಂದು ಮನೆಯಲ್ಲಿ ಕಲಿತಿದ್ದಾರೆ. ಅಲ್ಲಿ ‘ನಾನು ಇದನ್ನು ಕಲಿತಿದ್ದೇನೆ, ಇದನ್ನು ಮಾಡಬಲ್ಲೆ’ ಎಂದು ಹೇಳುವುದು ಗರ್ವವಲ್ಲ, ಲೆಕ್ಕ ಒಪ್ಪಿಸುವುದು. ಜವಾಬ್ದಾರಿ ಎಂಬುದರಲ್ಲಿ ಜವಾಬು ಇದೆ ಎಂದು ಮೇಲೆ ಹೇಳಿದೆನಲ್ಲ, ಇದು ಅದೇ.

ಬಾನು ಮುಷ್ತಾಕ್ ಅವರ ಉದಾಹರಣೆ ನಮ್ಮ ಕಣ್ಣಮುಂದಿದೆ. ಹಾಸನದ ಈ ಲೇಖಕಿಯ ಮನೆಮಾತು ಉರ್ದು, ಬರೆದದ್ದು ಕನ್ನಡದಲ್ಲಿ. ಅವರ ಕಥೆಗಳನ್ನು ದೀಪಾ ಭಾಸ್ತಿಯವರು ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ಅನುವಾದಿಸಿದರು. 2025ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರಿಗಿಂತ ಮೊದಲು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು (1936–2023) ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಿಂದ ಮುಸ್ಲಿಂ ಹೆಣ್ಣಿನ ಸಂಕಟವನ್ನು ಕನ್ನಡದ ಮುಂದೆ ಇಟ್ಟಿದ್ದರು. ‘ಇವರ ಅಮ್ಮಾ’, ‘ಅವರ ಬೇಗಂ’ ಎಂದಷ್ಟೇ ಗುರುತಾಗಿದ್ದವರ ಬದುಕು ಇವರಿಂದ ಪುಸ್ತಕವಾಯಿತು. ಮನೆಮಾತನ್ನು ಬಿಟ್ಟು ಅಲ್ಲ, ಅದರ ಉಸಿರನ್ನು ಕನ್ನಡಕ್ಕೆ ತಂದು.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ಸಣ್ಣ ಕೆಲಸ ಮಾಡಿರಿ. ನಿಮ್ಮ ದಾದಿ, ನಾನಿಯರ ಹತ್ತಿರ ಒಂದು ಗಂಟೆ ಕುಳಿತು ಅವರು ತಮ್ಮ ಬಗ್ಗೆ ಹೇಳುವುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿರಿ. ತಿದ್ದಬೇಡಿರಿ. ಎಲ್ಲಿ ‘ಹಮ್’ ಬಂತು, ಎಲ್ಲಿ ‘ಅಪನ್’ ಬಂತು, ಯಾವ ಶಬ್ದ ಕನ್ನಡದ್ದು, ಯಾವುದು ಮರಾಠಿಯದು ಎಂದು ಗುರುತು ಹಾಕಿರಿ. ಕೊನೆಗೆ ಅವರ ಪೂರ್ತಿ ಹೆಸರನ್ನು ಕೇಳಿ ಮೇಲೆ ಬರೆಯಿರಿ. ಅನೇಕ ಮನೆಗಳಲ್ಲಿ ಅವರ ಹೆಸರು ಪಡಿತರ ಚೀಟಿಯ ಹೊರಗೆ ಬರೆಯಲ್ಪಡುವುದು ಅದೇ ಮೊದಲ ಸಲ ಇರಬಹುದು.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ‘ನಾನು ವಿದ್ಯಾರ್ಥಿ ಇದ್ದೇನೆ’ ಎಂದು ಮಗು ಬರೆದರೆ ಪುಸ್ತಕದ ರೂಪವನ್ನು ಪಕ್ಕದಲ್ಲಿ ಬರೆದು ತೋರಿಸಿರಿ, ಆದರೆ ಮಗುವಿನ ಸಾಲನ್ನು ಹೊಡೆದುಹಾಕಬೇಡಿರಿ. ಅದು ಎಲ್ಲಿಂದ ಬಂತು ಎಂಬುದನ್ನೂ ಹೇಳಿರಿ. ಎರಡನ್ನೂ ತಿಳಿದ ಮಗು ‘ನಾನು’ ಎನ್ನಬೇಕಾದಲ್ಲಿ ಧೈರ್ಯದಿಂದ ‘ನಾನು’ ಎನ್ನುತ್ತದೆ. ‘ಅಪನ್’ ಎನ್ನಬೇಕಾದಲ್ಲಿ ಎದುರಿಗಿದ್ದವರನ್ನೂ ಕೂಡಿಸಿಕೊಂಡು ‘ಅಪನ್’ ಎನ್ನುತ್ತದೆ.

ಇಷ್ಟು ಹೇಳಿ ಮುಗಿಸುತ್ತೇನೆ. ಬರ್ತೀನ್ರಿ.